ಹಾಸನದ ಡ್ರಮ್ ರಿಪೇರಿ ಅಂಗಡಿ: ಹೊಸದು ಕೊಳ್ಳಬೇಡಿ, ಹಳೇದು ಹೊತ್ತುಕೊಂಡು ಹೋಗಿ

ಕೊನೆಯವರೆಗೂ ಓದೋಕೆ ಪುರುಸೊತ್ತಿಲ್ಲದವರಿಗೆ ಮೊದಲೇ ಹೇಳಿಬಿಡುತ್ತೇನೆ. ಶಾಲೆಗೆ ಹೊಸ ಬ್ಯಾಂಡ್ ಸೆಟ್ ಬೇಕು ಅಂತಿದ್ದರೆ ಈ ಅಂಗಡಿಗೆ ಹೋಗಬೇಡಿ. ನಿಮ್ಮ ಶಾಲೆಯ ಸ್ಟೋರ್ ರೂಮಿನಲ್ಲಿ ಹಗ್ಗಜಗ್ಗಾಟದ ಹಗ್ಗದ ಕೆಳಗೆ, ತುಕ್ಕು ಹಿಡಿದ ಶಾಟ್‌ಪುಟ್ ಗುಂಡಿನ ಪಕ್ಕ ನಾಲ್ಕು ಹಳೇ ಡ್ರಮ್ ಬಿದ್ದಿದ್ದರೆ ಮಾತ್ರ ಒಂದು ಆಟೋ ಮಾಡಿಕೊಂಡು ಇವತ್ತೇ ಹೋಗಿ. ಐದಕ್ಕೆ ನಾಲ್ಕು ಸ್ಟಾರ್. ಒಂದು ಸ್ಟಾರ್ ಯಾಕೆ ಕಿತ್ತುಕೊಂಡೆ ಅನ್ನೋದನ್ನು ಮುಂದೆ ಹೇಳುತ್ತೇನೆ, ಅದೂ ಚಿಕ್ಕ ಕಥೆಯಲ್ಲ.

ನಾನು ಬೇಲೂರು ರಸ್ತೆ ಕಡೆಯ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಮೇಡಂ. ಹದಿನೇಳು ವರ್ಷದ ಸರ್ವಿಸ್. ಖೋಖೋ, ಕಬಡ್ಡಿ ಅಂದರೆ ಕಣ್ಣು ಮುಚ್ಚಿಕೊಂಡು ಕಲಿಸುತ್ತೇನೆ. ಸಂಗೀತಕ್ಕೂ ನನಗೂ ಇರುವ ಸಂಬಂಧ ಬೆಳಗ್ಗೆ ಒಗ್ಗರಣೆ ಹಾಕುವಾಗ ರೇಡಿಯೋ ಹಚ್ಚುವಷ್ಟೇ. ಆದರೆ ನಮ್ಮ ಶಾಲೆಗಳಲ್ಲಿ ಬ್ಯಾಂಡ್ ಅನ್ನೋದು ಸಂಗೀತದ ಮೇಷ್ಟ್ರ ತಲೆಗೆ ಬರುವುದಿಲ್ಲ. ಬಹಳ ಕಡೆ ಸಂಗೀತದ ಮೇಷ್ಟ್ರೇ ಇರುವುದಿಲ್ಲ. ಮಕ್ಕಳನ್ನು ಸಾಲಾಗಿ ನಿಲ್ಲಿಸುವುದು ಯಾರ ಕೆಲಸವೋ ಅವರದ್ದೇ ಬ್ಯಾಂಡೂ. ಹಾಗಾಗಿ ಇಪ್ಪತ್ತೆರಡು ಹುಡುಗಿಯರ ಬ್ಯಾಂಡು ನನ್ನ ಪಾಲಿಗೆ ಬಂತು. ಒಂಬತ್ತು ಸೈಡ್ ಡ್ರಮ್, ಎರಡು ದೊಡ್ಡ ಡ್ರಮ್, ಮೂರು ಜೋಡಿ ತಾಳ, ಎರಡು ಟ್ರಯಾಂಗಲ್, ಐದು ಕೊಳಲು, ಮುಂದೆ ದಂಡ ಹಿಡಿದು ನಡೆಯುವ ಒಬ್ಬ ಲೀಡರ್.

ಇದು ಎಂಥಾ ಕೆಲಸ ಅಂದರೆ, ಜೂನ್‌ನಲ್ಲಿ ಎಂಟನೇ ಕ್ಲಾಸಿಗೆ ಬಂದ ಮಕ್ಕಳಲ್ಲಿ ಆರಿಸಬೇಕು. ಅವರಿಗೆ ಎಡಗಾಲು ಯಾವುದು ಅಂತ ಗೊತ್ತಾಗುವಷ್ಟರಲ್ಲಿ ಆಗಸ್ಟ್ 15 ಬಂದಿರುತ್ತೆ. ಕೈ ಕುದುರುವ ಹೊತ್ತಿಗೆ ದಸರಾ ರಜೆ. ಡಿಸೆಂಬರ್ ಮುಗಿದರೆ ಹತ್ತನೇ ಕ್ಲಾಸಿನವರನ್ನು ಎಸ್ಸೆಸ್ಸೆಲ್ಸಿ ಅಂತ ಗಣಿತದ ಮೇಡಂ ಎಳೆದುಕೊಂಡು ಹೋಗುತ್ತಾರೆ. ಚೆನ್ನಾಗಿ ಬಾರಿಸುವವರು ಯಾವಾಗಲೂ ಹತ್ತನೇ ಕ್ಲಾಸಿನವರೇ. ಪ್ರತಿ ವರ್ಷ ಅರ್ಧ ಬ್ಯಾಂಡು ಕಳೆದುಕೊಂಡು ಮತ್ತೆ ಮೊದಲಿಂದ ಕಟ್ಟಬೇಕು, ಗದ್ದೆ ನಾಟಿಯ ಹಾಗೆ.

ಅಂಗಡಿಯ ಸುದ್ದಿಗೆ ಬರುವ ಮೊದಲು ನಮ್ಮ ಪೆಟ್ಟಿಗೆಯ ಸುದ್ದಿ ಹೇಳಬೇಕು. ಹಿಂದಿನ ವರ್ಷ ಹಳೇ ವಿದ್ಯಾರ್ಥಿಗಳು ಸೇರಿ 30 ಸಾವಿರ ಕೊಟ್ಟರು. ಸ್ಟೋರ್ ರೂಮಿನಲ್ಲಿ ಐದು ಸೈಡ್ ಡ್ರಮ್ಮೂ ಒಂದು ದೊಡ್ಡ ಡ್ರಮ್ಮೂ ಇದ್ದವು, ಆದರೆ ಅವನ್ನು ನೋಡಿದರೆ ಯಾರಿಗೂ ಬಾರಿಸೋ ಮನಸ್ಸು ಬರುತ್ತಿರಲಿಲ್ಲ. ಆನ್‌ಲೈನಿನಲ್ಲಿ ನೋಡಿ, 29,500 ರೂಪಾಯಿಗೆ ನಾಲ್ಕು ಸೈಡ್ ಡ್ರಮ್, ಒಂದು ದೊಡ್ಡದು, ಒಂದು ಜೋಡಿ ತಾಳ, ಬೆಲ್ಟು, ದಂಡ ಎಲ್ಲ ಸೇರಿದ ಸೆಟ್ ತರಿಸಿದೆವು. ಫೋಟೋದಲ್ಲಿ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಬಂದಾಗಲೂ ಹೊಳೆಯುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಹೆಡ್‌ಮಾಸ್ಟರ್ ಅದಕ್ಕೆ ಊದುಬತ್ತಿ ಬೆಳಗಿ, ಕುಂಕುಮ ಇಟ್ಟರು.

ಹತ್ತೇ ದಿನ. ಮೂರು ಡ್ರಮ್ಮಿನ ಬೋಲ್ಟುಗಳ ತಿರುಪು ಸವೆದುಹೋಯಿತು, ತಿರುಗಿಸಿದರೆ ಸುಮ್ಮನೆ ಗರಗರ ತಿರುಗುತ್ತಿದ್ದವು. ತಾಳ ಬಡಿದರೆ ಅಡುಗೆಮನೆಯಲ್ಲಿ ತಟ್ಟೆ ಬಿದ್ದ ಶಬ್ದ. ವಾಪಸ್ ಕಳಿಸೋಣ ಅಂದರೆ ಏಳು ದಿನ ದಾಟಿತ್ತು. ಆಗಸ್ಟ್ 15ರ ಬೆಳಗ್ಗೆ ನಮ್ಮೂರಿನ ಮಳೆ ಗೊತ್ತಲ್ಲ, ಸುರಿಯುವುದೂ ಇಲ್ಲ, ನಿಲ್ಲುವುದೂ ಇಲ್ಲ, ಜಿನುಗುತ್ತಲೇ ಇರುತ್ತೆ. ಅದರಲ್ಲೇ ಮಕ್ಕಳು ಮೈದಾನದ ಒಂದು ಸುತ್ತು ಬಂದರು. ವೇದಿಕೆಯ ಮುಂದೆ ಬರುವಾಗ ದೊಡ್ಡ ಡ್ರಮ್ಮಿನ ಕೊಕ್ಕೆ ಕಿತ್ತು ಬಂತು. ಡ್ರಮ್ಮು ಕೆಳಗೆ ಬಿದ್ದು, ಉರುಳಿಕೊಂಡು ಹೋಗಿ ವೇದಿಕೆಯ ಮೆಟ್ಟಿಲಿಗೆ ತಾಗಿ ನಿಂತಿತು. ಮುಖ್ಯ ಅತಿಥಿಗಳೇ ಎದ್ದು ಬಂದು ಹಿಡಿದುಕೊಂಡರು. ಡ್ರಮ್ಮಿನ ಹುಡುಗಿ ನಿಲ್ಲಲಿಲ್ಲ. ನಾನು ಅಷ್ಟು ದಿನ ಹೇಳಿಕೊಟ್ಟಿದ್ದೆನಲ್ಲ, ಏನಾದರೂ ಸಾಲು ಬಿಡಬಾರದು ಅಂತ. ಎರಡೂ ಕೈಯಲ್ಲಿ ಕೋಲು ಹಿಡಿದು, ಎಡಗಾಲಿಗೆ ಸರಿಯಾಗಿ ಗಾಳಿಗೆ ಹೊಡೆಯುತ್ತಾ ನಡೆದಳು. ಜನ ನಕ್ಕರು. ನನಗೆ ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ.

ಅವತ್ತು ಸಿಹಿ ಹಂಚಿ ಮುಗಿದ ಮೇಲೆ ನಮ್ಮ ಅಟೆಂಡರ್ ಅಣ್ಣ ಹತ್ತಿರ ಬಂದರು. ಅವರು ಊರ ಹಬ್ಬದಲ್ಲಿ ತಮಟೆ ಬಡಿಯುವವರು. “ಮೇಡಂ, ಪೇಟೇಲಿ ಮದುವೆ ಬ್ಯಾಂಡ್‌ನೋರು ಎಲ್ಲಿ ರಿಪೇರಿ ಮಾಡಿಸ್ತಾರೋ ಅಲ್ಲಿಗೆ ಹೋಗಿ. ಅವ್ರ ಹೊಟ್ಟೆಪಾಡು ಅದು, ಕೆಟ್ಟದ್ದು ಇಟ್ಕೊಂಡು ಅವ್ರಿಗೆ ನಡೆಯಕಿಲ್ಲ” ಅಂದರು. ಅಷ್ಟು ಸರಳ ವಿಷಯ ದೈಹಿಕ ಶಿಕ್ಷಣ ಓದಿದ ನನ್ನ ಬಿಪಿಎಡ್ ತಲೆಗೆ ಹೊಳೆದಿರಲಿಲ್ಲ.

ಅಂಗಡಿಗೆ ಹಳೇ ಬಸ್ ಸ್ಟ್ಯಾಂಡಿನಿಂದ ನಡೆದೇ ಹೋಗಬಹುದು. ಸಂದಿಯೊಳಗೆ, ಎಂಟು ಹತ್ತು ಅಡಿ ಅಗಲದ ಜಾಗ. ಬೋರ್ಡಿನ ಬಣ್ಣ ಹೋಗಿದೆ. ಬಾಗಿಲಿಗೆ ಡ್ರಮ್ಮಿನ ರಿಂಗುಗಳನ್ನು ನೇತುಹಾಕಿರುವುದರಿಂದ ದೂರದಿಂದ ಸೈಕಲ್ ಶಾಪಿನ ಹಾಗೆ ಕಾಣುತ್ತೆ. ಮೊದಲ ಸಲ ನಾನೂ ದಾಟಿಕೊಂಡು ಮುಂದೆ ಹೋಗಿದ್ದೆ. ಒಳಗೆ ಎಡಗಡೆ ಹೊಸ ಸರಕು, ಪ್ಲಾಸ್ಟಿಕ್ ಸುತ್ತಿಟ್ಟದ್ದು. ಅಲ್ಲಿ ಮಗ ಕೂರುತ್ತಾನೆ. ಬಲಗಡೆ ನೆಲದ ಮೇಲೆ ಗೋಣಿಚೀಲ ಹಾಸಿಕೊಂಡು ಅಪ್ಪ. ಅರವತ್ತೈದು ದಾಟಿರಬಹುದು, ಬಿಳಿ ಗಡ್ಡ, ಮೂಗಿನ ತುದಿಯಲ್ಲಿ ಕನ್ನಡಕ. ಸುತ್ತಮುತ್ತಲಿನವರೆಲ್ಲ ಸಾಬ್ರೇ ಅಂತ ಕರೆಯುತ್ತಾರೆ, ನಾನೂ ಹಾಗೇ ಕರೆದೆ. ಈ ವಿಮರ್ಶೆ ಏನಿದ್ದರೂ ಬಲಗಡೆಯದ್ದು. ಎಡಗಡೆ ನೀವು ನೋಡಲೇಬೇಡಿ.

ಮೊದಲ ದಿನ ಆನ್‌ಲೈನ್ ಸೆಟ್ಟನ್ನೂ, ಹಳೇ ಆರು ಡ್ರಮ್ಮನ್ನೂ ಗೂಡ್ಸ್ ಆಟೋದಲ್ಲಿ ಹಾಕಿಕೊಂಡು ಹೋಗಿದ್ದೆ. ನನ್ನ ಲೆಕ್ಕ, ಹೊಸದನ್ನು ಸರಿಮಾಡಿಸುವುದು, ಹಳೇದನ್ನು ಗುಜರಿಗೆ ಹಾಕಿದರೆ ಎಷ್ಟು ಬರುತ್ತೆ ಕೇಳುವುದು. ಸಾಬ್ರು ಹೊಸದನ್ನು ಎತ್ತಿ ತೂಗಿ ನೋಡಿ ಪಕ್ಕಕ್ಕಿಟ್ಟರು. ಹಳೇದರ ಮೇಲಿನ ಧೂಳು ಒರೆಸಿ, ಬೆರಳ ಗಂಟಿನಿಂದ ಪೀಪಾಯಿಗೆ, ಅಂದರೆ ಡ್ರಮ್ಮಿನ ಲೋಹದ ಮೈಗೆ, ತಟ್ಟಿದರು. “ಮೇಡಂ, ಇದು ಮೀರತ್ ಮಾಲು. ಹಿತ್ತಾಳೆ. ನೀವು ತಂದಿರೋ ಹೊಸದು ತಗಡಿಗೆ ನಿಕ್ಕಲ್ ಹೊಡ್ದಿರೋದು. ಗುಜರಿಗೆ ಹಾಕೋದಿದ್ರೆ ಅದನ್ನ ಹಾಕಿ.”

ಮೀರತ್ ಅಂದರೆ ಉತ್ತರ ಪ್ರದೇಶದ್ದು. ಅಲ್ಲಿ ಜಲೀ ಕೋಠಿ ಅಂತ ಒಂದು ಪೇಟೆ, ದೇಶದ ಬ್ಯಾಂಡುಗಳ ಡ್ರಮ್ಮು, ಕಹಳೆ ಎಲ್ಲ ಬಹಳಮಟ್ಟಿಗೆ ಅಲ್ಲಿಂದಲೇ ಬರುವುದು. 1885ರಲ್ಲಿ ಶುರುವಾದ ನಾದಿರ್ ಅಲಿ ಕಂಪನಿ ಅಲ್ಲಿಯದೇ. ನಮ್ಮ ಹಾಸನದಲ್ಲಿ ಗಂಧದ ಕೋಠಿ ಅಂತ ಒಂದು ಜಾಗ ಇದೆಯಲ್ಲ, ಹೆಸರು ಕೇಳಿದ ತಕ್ಷಣ ನನಗೆ ಅದೇ ನೆನಪಾಯಿತು. ನಮ್ಮ ಕೋಠಿಯಲ್ಲಿ ಈಗ ಗಂಧ ಇಲ್ಲ, ಅವರ ಕೋಠಿಯಲ್ಲಿ ಇನ್ನೂ ಕಹಳೆ ಇದೆ. ಇರಲಿ.

ಆಮೇಲೆ ಅವರು ಕೆಲಸ ಮಾಡಿದ್ದನ್ನು ನಾನು ಸ್ಟೂಲಿನ ಮೇಲೆ ಕೂತು ಒಂದೂವರೆ ಗಂಟೆ ನೋಡಿದೆ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಬೇರೆ ಪಿ.ಟಿ. ಮೇಷ್ಟ್ರುಗಳಿಗೆ ಉಪಯೋಗ ಆಗಬಹುದು. ಸೈಡ್ ಡ್ರಮ್ಮಿಗೆ ಎರಡು ಮುಖ. ಮೇಲಿನದು ಹೊಡೆಯುವುದು, ದಪ್ಪ ಪ್ಲಾಸ್ಟಿಕ್ ಹಾಳೆ. ಕೆಳಗಿನದು ತೆಳ್ಳಗೆ, ಅದಕ್ಕೆ ಒತ್ತಿಕೊಂಡು ಸುರುಳಿ ತಂತಿಗಳ ಒಂದು ಪಟ್ಟಿ. ಮೇಲೆ ಹೊಡೆದಾಗ ಕೆಳಗಿನ ಹಾಳೆ ನಡುಗಿ, ಆ ತಂತಿ ಅದಕ್ಕೆ ಬಡಿದೇ ಡ್ರಮ್ಮಿಗೆ ಆ ‘ಚರ್’ ಅನ್ನುವ ಸದ್ದು ಬರುವುದು. ನಮ್ಮ ಹಳೇ ಐದು ಡ್ರಮ್ಮಿನಲ್ಲಿ ಒಂದಕ್ಕೂ ತಂತಿ ನೆಟ್ಟಗಿರಲಿಲ್ಲ. ಅಷ್ಟು ವರ್ಷ ನಾವು ಅದನ್ನು ಡ್ರಮ್ಮು ಹಳೇದಾಗಿದೆ ಅಂದುಕೊಂಡಿದ್ದೆವು.

ಹೊಸ ಹಾಳೆ ಕೂರಿಸಿ ರಿಂಗು ಹಾಕಿದ ಮೇಲೆ ನಾನಾಗಿದ್ದರೆ ಬೋಲ್ಟುಗಳನ್ನು ಸುತ್ತಲೂ ಒಂದಾದ ಮೇಲೊಂದು ಬಿಗಿ ಮಾಡುತ್ತಿದ್ದೆ. ಸಾಬ್ರು ಒಂದನ್ನು ಅರ್ಧ ಸುತ್ತು ತಿರುಗಿಸಿ, ನೇರ ಎದುರಿಗಿರುವುದಕ್ಕೆ ಹೋದರು. ಮತ್ತೆ ಪಕ್ಕದ್ದು, ಮತ್ತೆ ಅದರ ಎದುರಿನದು. ಕಾರಿನ ಚಕ್ರದ ನಟ್ಟು ಬಿಗಿ ಮಾಡುತ್ತಾರಲ್ಲ, ಹಾಗೆ. ಒಂದೇ ಕಡೆಯಿಂದ ಬಿಗಿ ಮಾಡುತ್ತಾ ಹೋದರೆ ರಿಂಗು ಓರೆಯಾಗಿ ಕೂತುಬಿಡುತ್ತೆ. ಕೊನೆಗೆ ಪ್ರತಿ ಬೋಲ್ಟಿನಿಂದ ಒಂದು ಅಂಗುಲ ಒಳಗೆ ಕೋಲಿನ ತುದಿಯಿಂದ ಮೆಲ್ಲಗೆ ತಟ್ಟುವುದು. ಟಕ್, ಟಕ್, ಟಕ್. ನನಗೆ ಎಲ್ಲ ಒಂದೇ ಥರ ಕೇಳಿಸಿತು. ಅವರು ತಲೆ ಅಲ್ಲಾಡಿಸಿ ನಾಲ್ಕನೆಯದನ್ನು ಕೂದಲೆಳೆಯಷ್ಟು ತಿರುಗಿಸಿದರು. ಮತ್ತೆ ತಟ್ಟಿದರು. ಈಗ ಒಂದೇ ಥರ ಆಯಿತು. ಅಂದರೆ ಮೊದಲು ಆಗಿರಲಿಲ್ಲ ಅನ್ನುವುದು ನನಗೆ ಆಗ ಗೊತ್ತಾಯಿತು. ಅಷ್ಟೂ ಹೊತ್ತು ಅಂಗಡಿಯ ಮುಂದೆ ಒಬ್ಬ ಸ್ಕೂಟರ್ ಸ್ಟಾರ್ಟ್ ಆಗದೆ ಒದೆಯುತ್ತಲೇ ಇದ್ದ, ಇವರ ಕಿವಿಗೆ ಅದು ಬೀಳಲೇ ಇಲ್ಲ.

“ತೊಗಲಿಂದು ಹಾಕಿ ಸಾಬ್ರೇ, ಸದ್ದು ಚೆನ್ನಾಗಿರುತ್ತಂತಲ್ಲ” ಅಂತ ನನ್ನ ಬುದ್ಧಿವಂತಿಕೆ ತೋರಿಸಿದೆ. ಬೇಡ ಅಂದರು. ನಮ್ಮ ಜುಲೈ ಆಗಸ್ಟಿನ ಥಂಡಿಗೆ ತೊಗಲು ತೇವ ಕುಡಿದು ಜೋತುಬೀಳುತ್ತೆ. ತಮಟೆಯವರು ಬೆಂಕಿಗೆ ಹಿಡಿದು ಕಾಯಿಸಿಕೊಳ್ಳುವುದು ಅದಕ್ಕೇ. ಧ್ವಜಾರೋಹಣಕ್ಕೆ ಕಲೆಕ್ಟರ್ ಬಂದು ನಿಂತಿರುವಾಗ ಹುಲ್ಲಿಗೆ ಬೆಂಕಿ ಹಚ್ಚಿ ಡ್ರಮ್ ಕಾಯಿಸುತ್ತಾ ಕೂರೋಕಾಗುತ್ತಾ? ಪ್ಲಾಸ್ಟಿಕ್ ಹಾಳೆ 1950ರ ದಶಕದಲ್ಲಿ ಅಮೆರಿಕದಲ್ಲಿ ಬಂದಿದ್ದು, ಮಳೆಗೆ ಬಗ್ಗುವುದಿಲ್ಲ. ಸದ್ದಿನಲ್ಲಿ ತೊಗಲಿನ ಮೆತ್ತಗಿನ ಗುಣ ಇಲ್ಲ, ಒಪ್ಪಿಕೊಳ್ಳಬೇಕು.

ಈಗ ನಾನು ಯಾಕೆ ನಾಲ್ಕು ಸ್ಟಾರ್ ಕೊಟ್ಟೆ ಅನ್ನುವ ಸಂಗತಿಗೆ ಬರುತ್ತೇನೆ. ಆನ್‌ಲೈನ್ ಡ್ರಮ್ಮಿನ ಕಿತ್ತುಹೋದ ಕೊಕ್ಕೆಯನ್ನು ಅವರು ಬೆಳಕಿಗೆ ಹಿಡಿದು ನೋಡಿದರು. ಹಳೇ ಡ್ರಮ್ಮುಗಳ ಕೊಕ್ಕೆಗಳನ್ನೂ ನೋಡಿದರು. ಎಲ್ಲವೂ ಒಂದೇ ಮಗ್ಗುಲಲ್ಲಿ ಸವೆದಿದ್ದವು. “ಮೇಡಂ, ಮಕ್ಕಳ ಹತ್ರ ಎಷ್ಟುದ್ದ ಹೆಜ್ಜೆ ಹಾಕಿಸ್ತೀರ?” ಅಂತ ಕೇಳಿದರು. ಡ್ರಮ್ ರಿಪೇರಿಯವರು ಹೆಜ್ಜೆ ಕೇಳಿದ್ದು ನನಗೆ ಸ್ವಲ್ಪ ಅಧಿಕಪ್ರಸಂಗ ಅನ್ನಿಸಿತು. ಮೂವತ್ತು ಇಂಚು ಅಂದೆ. ನಾನು ಕಾಲೇಜಿನಲ್ಲಿ ಎನ್‌ಸಿಸಿ. ಅಲ್ಲಿ ತೇಜ್ ಚಲ್, ಅಂದರೆ ವೇಗದ ನಡಿಗೆಗೆ, ಹೆಜ್ಜೆ ಮೂವತ್ತು ಇಂಚು, ನಿಮಿಷಕ್ಕೆ ಹುಡುಗರಿಗೆ 120 ಹೆಜ್ಜೆ, ಹುಡುಗಿಯರಿಗೆ 110. ರಕ್ತದಲ್ಲಿ ಹೋಗಿರುವ ಲೆಕ್ಕ ಅದು. ಸಾಬ್ರು, “ಎಂಟನೇ ಕ್ಲಾಸ್ ಮಗು ಮೂವತ್ತು ಇಂಚಿಗೆ ಕಾಲು ಚಾಚಿದ್ರೆ ನೆಗೀತಾಳೆ. ಅವಳು ನೆಗೆದ್ರೆ ಡ್ರಮ್ ನೆಗೆಯುತ್ತೆ. ಡ್ರಮ್ ನೆಗೆದ್ರೆ ಕೊಕ್ಕೆ ತಿನ್ಕೊಳ್ಳುತ್ತೆ. ನಾನು ಕೊಕ್ಕೆ ಹಾಕಿಕೊಡ್ತೀನಿ, ಮೂರು ತಿಂಗಳಿಗೆ ಮತ್ತೆ ಬರ್ತೀರ. ನಂಗೇನು, ದುಡ್ಡು” ಅಂದರು.

ಮನೆಗೆ ಬಂದು ಯೋಚನೆ ಮಾಡಿದೆ. ನಮ್ಮ ಹುಡುಗಿಯರು ಮೊಬೈಲಿನಲ್ಲಿ ಅಮೆರಿಕದ ಹೈಸ್ಕೂಲ್ ಬ್ಯಾಂಡುಗಳ ವಿಡಿಯೋ ನೋಡುತ್ತಿರುತ್ತಾರೆ. ಅಲ್ಲಿ ಫುಟ್‌ಬಾಲ್ ಮ್ಯಾಚಿನ ಮಧ್ಯಂತರದಲ್ಲಿ ನೂರಾರು ಮಕ್ಕಳು ಮೈದಾನದ ತುಂಬ ಚಿತ್ತಾರ ಬಿಡಿಸುತ್ತಾ ನುಡಿಸುತ್ತಾರೆ, ಅದಕ್ಕೆ ಬೇಸಿಗೆ ರಜೆಯಲ್ಲೇ ಕ್ಯಾಂಪು ಹಾಕಿ ತಯಾರಿ. “ಮಿಸ್, ನಾವೂ ಹಾಗೆ ಮಾಡೋಣ” ಅಂತ ಒಬ್ಬಳು ನನ್ನ ತಲೆ ತಿನ್ನುತ್ತಲೇ ಇದ್ದಳು. ಅದಕ್ಕೆ ಬೇಕಾದ ಮೈದಾನ, ವಾದ್ಯ, ದುಡ್ಡು ಯಾವುದೂ ನಮ್ಮ ಹತ್ತಿರ ಇಲ್ಲ ಅಂತ ನಾನು ಗಮನ ಕೊಟ್ಟಿರಲಿಲ್ಲ. ಈ ಸಲ ಕಾಲು ಮಾತ್ರ ನೋಡಿದೆ. ಅವರದ್ದು ಐದು ಗಜಕ್ಕೆ ಎಂಟು ಹೆಜ್ಜೆ. ಲೆಕ್ಕ ಹಾಕಿ, ಒಂದು ಹೆಜ್ಜೆಗೆ ಇಪ್ಪತ್ತೆರಡೂವರೆ ಇಂಚು. ಹಿಮ್ಮಡಿ ಮೊದಲು ಊರಿ, ಪಾದವನ್ನು ಉರುಳಿಸಿದ ಹಾಗೆ ಮುಂದಕ್ಕೆ ಇಡುತ್ತಾರೆ. ಸೊಂಟದಿಂದ ಮೇಲೆ ತುಂಬಿದ ಕೊಡ ಹೊತ್ತವರ ಹಾಗೆ ಅಲ್ಲಾಡುವುದೇ ಇಲ್ಲ. ನಾವು ಮಾಡಿಸುತ್ತಿದ್ದುದು ಸಿಪಾಯಿ ನಡಿಗೆ. ಅದು ಕೈಯಲ್ಲಿ ಏನೂ ಇಲ್ಲದವರಿಗೆ ಚೆಂದ.

ನನ್ನ ಪಿ.ಟಿ. ಬುದ್ಧಿಗೆ ಇಲ್ಲಿ ಒಂದು ಖುಷಿ ಸಿಕ್ಕಿತು. ವಾಲಿಬಾಲ್ ಅಂಕಣ 18 ಮೀಟರ್ ಉದ್ದ, ನೆಟ್ಟಿಗೆ ಒಂಬತ್ತು. ಆ ಒಂಬತ್ತು ಮೀಟರನ್ನು ಹದಿನಾರು ಹೆಜ್ಜೆಯಲ್ಲಿ ಮುಗಿಸಿದರೆ ಹೆಚ್ಚುಕಡಿಮೆ ಅದೇ ಇಪ್ಪತ್ತೆರಡೂವರೆ ಇಂಚು! ಎರಡು ಎಂಟರ ಎಣಿಕೆಗೆ ನೆಟ್ಟಿನ ಗೆರೆ, ನಾಲ್ಕು ಎಂಟಕ್ಕೆ ಕೊನೆಯ ಗೆರೆ. ಹೊಸದಾಗಿ ಸುಣ್ಣ ಎಳೆಯುವ ಕೆಲಸವೇ ಇಲ್ಲ. ಬೆಳಗ್ಗೆ ಎಂಟೂಮುಕ್ಕಾಲಿಗೆ ಮಂಜಿನಲ್ಲಿ, ಡ್ರಮ್ಮಿಲ್ಲದೆ, ಬರೀ ಹೆಜ್ಜೆ. ಮೂರು ವಾರ. ಮಕ್ಕಳಿಗೆ ಬೇಜಾರು ಬಂದು ಬಾಯಲ್ಲೇ ಪಾಠ ಹೇಳಿಕೊಳ್ಳೋಕೆ ಶುರು ಮಾಡಿದರು, “ಬಲ ಎಡ ಬಲ ಬಲ, ಎಡ ಬಲ ಎಡ ಎಡ.” ಇದೂ ಸಾಬ್ರು ಹೇಳಿಕೊಟ್ಟ ಕೈವರಸೆಯೇ. ಎಷ್ಟು ವೇಗವಾಗಿ ಹೊಡೆದರೂ ಪ್ರತಿ ನಾಲ್ಕು ಪೆಟ್ಟಿಗೆ ಮೊದಲು ಹೊಡೆಯುವ ಕೈ ಬದಲಾಗುವುದರಿಂದ ಎಡಗೈಯೂ ಬಲಗೈಯಷ್ಟೇ ದುಡಿಯಬೇಕಾಗುತ್ತೆ. ಒಬ್ಬಳ ಅಮ್ಮ ಮೀಟಿಂಗಿಗೆ ಬಂದಾಗ ದೂರು ಹೇಳಿದರು, ಅವರೆಕಾಯಿ ಸುಲಿಯೋಕೆ ಕೂರಿಸಿದರೆ ಮೊರದ ಮೇಲೆ ಇದನ್ನೇ ಬಡಿಯುತ್ತಾಳೆ, ಕಾಳೆಲ್ಲ ಎಗರಿ ಹೋಗುತ್ತೆ ಅಂತ.

ಇನ್ನೊಂದು ಸಲ ನಮ್ಮ ಮಕ್ಕಳಲ್ಲಿ ಇಬ್ಬರನ್ನು ಅಂಗಡಿಗೇ ಕರೆದುಕೊಂಡು ಹೋಗಿದ್ದೆ. ಸೈಡ್ ಡ್ರಮ್ಮು ಹೆಗಲ ಬೆಲ್ಟಿನಿಂದ ಎಡತೊಡೆಯ ಮೇಲೆ ಓರೆಯಾಗಿ ನೇತಾಡುತ್ತೆ. ಒಬ್ಬಳು ಚೂಡಿದಾರದ ಪ್ಯಾಂಟು ಮೊಣಕಾಲ ತನಕ ಎತ್ತಿ ತೋರಿಸಿದಳು, ಮೊಣಕಾಲಿನ ಮೇಲೆ ಎರಡು ನೀಲಿ ಗುರುತು, ಬೋಲ್ಟು ಬಡಿದು ಬಡಿದು. ನನಗೆ ಹೇಳಿರಲೇ ಇಲ್ಲ. ಹೇಳಿದರೆ ಬ್ಯಾಂಡಿನಿಂದ ತೆಗೆದುಬಿಡುತ್ತೇನೆ ಅಂತ ಭಯ. ಸಾಬ್ರು ಹಳೇ ಚಪ್ಪಲಿಯ ರಬ್ಬರ್ ಕತ್ತರಿಸಿ, ಬೋಲ್ಟಿನ ಮೇಲೆ ಬರುವ ಹಾಗೆ ಒಂದು ದಿಂಬು ಮಾಡಿ ಕಟ್ಟಿದರು. ಡ್ರಮ್ಮು ಓರೆ ಇರುವುದರಿಂದಲೇ ಎಡಗೈ ಕೋಲನ್ನು ಅಂಗೈ ಮೇಲೆ ಮಾಡಿ, ಹೆಬ್ಬೆರಳ ಸಂದಿಯಲ್ಲಿ ಹಿಡಿಯಬೇಕು, ಬಲಗೈಯ ಹಾಗೆ ಮುಷ್ಟಿ ಹಿಡಿದರೆ ಮಣಿಕಟ್ಟು ನೋಯುತ್ತೆ ಅಂತ ತೋರಿಸಿಕೊಟ್ಟರು. ಯಾವ ಮಗು ಹೇಗೆ ಹಿಡಿಯುತ್ತಿದೆ ಅನ್ನುವುದನ್ನು ಹಾಳೆಯ ಮೇಲಿನ ಗುರುತು ನೋಡಿಯೇ ಹೇಳಿದರು. ಗುರುತೆಲ್ಲ ಒಂದೇ ಅಂಚಿನಲ್ಲಿ ಕೂಡಿದ್ದ ಡ್ರಮ್ಮನ್ನು ತೋರಿಸಿ, “ಇವಳ ಎಡಗೈ ಮಲಗಿದೆ” ಅಂದರು. ಆ ಡ್ರಮ್ಮಿನವಳು ಪಕ್ಕದಲ್ಲೇ ನಿಂತಿದ್ದಳು, ಮುಖ ಕೆಂಪಾಯಿತು. ರಬ್ಬರ್ ದಿಂಬಿಗೂ, ಪಾಠಕ್ಕೂ ದುಡ್ಡು ತೆಗೆದುಕೊಳ್ಳಲಿಲ್ಲ.

ಖರ್ಚಿನ ಲೆಕ್ಕ ಹೇಳುತ್ತೇನೆ, ನೀವು ಮೋಸ ಹೋಗದಿರಲಿ. ಹಳೇ ಆರು ಡ್ರಮ್ಮಿಗೆ, ಮೇಲಿನ ಹಾಳೆ ಐದು, ಒಂದಕ್ಕೆ 450. ಕೆಳಗಿನ ಹಾಳೆ ಮೂರು, 400ರಂತೆ. ತಂತಿ ಪಟ್ಟಿ ಐದು, 180ರಂತೆ. ದೊಡ್ಡ ಡ್ರಮ್ಮಿನ ಎರಡು ಮುಖ 1,700. ಬೋಲ್ಟು, ಕೊಕ್ಕೆ 600. ಕೂಲಿ 1,500. ಒಟ್ಟು 8,150, ಎಂಟು ಸಾವಿರ ಕೊಟ್ಟೆ. ಆನ್‌ಲೈನ್ ಡ್ರಮ್ಮುಗಳಿಗೆ ಬೋಲ್ಟು ಬದಲಾಯಿಸಿ, ದೊಡ್ಡದಕ್ಕೆ ಹೊಸ ಕೊಕ್ಕೆ ಹಾಕಿ ನಡೆಯುವ ಹಾಗೆ ಮಾಡಿಕೊಟ್ಟರು, ಆದರೆ ಹಿಂದಿನ ಸಾಲಿನಲ್ಲಿ ನಿಲ್ಲಿಸಿ ಅಂತ ಬುದ್ಧಿ ಹೇಳಿದರು. ಅದರ ಸದ್ದಿಗೆ ಅದೇ ಜಾಗ.

ತಾಳದ ವಿಷಯ. ನಾವು ತರಿಸಿದ್ದು ಹಿತ್ತಾಳೆಯದು. ಡ್ರಮ್ಮಿನ ಪೀಪಾಯಿಗೆ ಹಿತ್ತಾಳೆ ಒಳ್ಳೆಯದೇ, ತಾಳಕ್ಕೆ ಅಲ್ಲ. ತಾಳಕ್ಕೆ ಕಂಚು ಬೇಕು, ತಾಮ್ರಕ್ಕೆ ತವರ ಸೇರಿದ್ದು. ನಮ್ಮವರು ಸುಮ್ಮನೆ ಕಂಚಿನ ಕಂಠ ಅನ್ನುತ್ತಾರಾ? ಅಂಗಡಿಯಲ್ಲಿ ಎರಡನ್ನೂ ಪಕ್ಕಪಕ್ಕ ಹಿಡಿದು ಬಡಿದು ತೋರಿಸಿದರು. ಹಿತ್ತಾಳೆಯದು ‘ಠಣ್’ ಅಂದು ಸತ್ತಿತು. ಕಂಚಿನದು ನಾನು ಪರ್ಸಿನಿಂದ ದುಡ್ಡು ತೆಗೆಯುವವರೆಗೂ ಸುಳಿಯುತ್ತಿತ್ತು. ಎರಡು ಜೋಡಿ ಸೆಕೆಂಡ್ ಹ್ಯಾಂಡು ತಗೊಂಡೆ. ಬಡಿಯುವಾಗ ಎರಡನ್ನೂ ನೇರಕ್ಕೆ ನೇರ ಮುಚ್ಚಿದರೆ ಒಳಗೆ ಗಾಳಿ ಸಿಕ್ಕಿಕೊಂಡು ‘ಪುಸ್’ ಅನ್ನುತ್ತೆ, ಸ್ವಲ್ಪ ಓರೆಯಾಗಿ ಜಾರಿಸಿ ಹೊಡೆಯಬೇಕು. ಕೊಳಲೂ ಇಲ್ಲೇ ತಗೊಂಡೆ. ಹತ್ತು ಹನ್ನೆರಡನ್ನು ಊದಿ ನೋಡಿ, ಒಂದಕ್ಕೊಂದು ಶ್ರುತಿ ಕೂಡುವ ಐದನ್ನು ಆರಿಸಿಕೊಟ್ಟರು. ಜನವರಿಯ ಚಳಿಯಲ್ಲಿ ಕೊಳಲಿನ ಶ್ರುತಿ ಇಳಿಯುತ್ತೆ, ನುಡಿಸುವ ಮೊದಲು ಒಳಗೆ ಬಿಸಿಯುಸಿರು ಬಿಟ್ಟು ಬೆಚ್ಚಗೆ ಮಾಡಿಕೊಳ್ಳಬೇಕಂತೆ.

ಇನ್ನು ಕಿತ್ತುಕೊಂಡ ಸ್ಟಾರ್. ಮೊದಲನೆಯದು ಹೊತ್ತು. ಸಾಬ್ರ ಬಾಯಲ್ಲಿ “ನಾಳೆ” ಅಂದರೆ ಮೂರು ದಿನ. ಇದು ಅಂದಾಜಲ್ಲ, ಐದು ಸಲ ಹೋಗಿ ಬಂದು ಕಂಡುಕೊಂಡದ್ದು. ಮದುವೆ ಸೀಸನ್ನಿನಲ್ಲಿ ಅದೂ ಇಲ್ಲ. ಮಾಘ, ವೈಶಾಖದಲ್ಲಿ ಅಂಗಡಿಯ ತುಂಬ ಮದುವೆ ಬ್ಯಾಂಡಿನವರ ಡ್ರಮ್ಮು, ಶಾಲೆಯವರನ್ನು ಯಾರೂ ಕೇಳುವುದಿಲ್ಲ. ಹಾಸನಾಂಬೆಯ ಬಾಗಿಲು ತೆರೆದಿರುವ ದಿನಗಳಲ್ಲಂತೂ ಪೇಟೆಯೊಳಗೆ ಡ್ರಮ್ ಹೊತ್ತುಕೊಂಡು ಬರುವ ಸಾಹಸ ಮಾಡಲೇಬೇಡಿ, ನಾನು ಮಾಡಿ ಎರಡು ಗಂಟೆ ಆಟೋದಲ್ಲೇ ಕೂತಿದ್ದೆ. ಫೋನ್ ಎತ್ತುವುದಿಲ್ಲ. ಎತ್ತಿದರೆ ಮಗ ಎತ್ತುತ್ತಾನೆ.

ಮಗನ ಸುದ್ದಿ ಬೇರೆ. ಹುಡುಗ ಕೆಟ್ಟವನಲ್ಲ, ಆದರೆ ಅವನಿಗೆ ರಿಪೇರಿ ಅಂದರೆ ತಾತ್ಸಾರ. ಅಪ್ಪ ಒಳಗೆ ಟೀ ಕುಡಿಯೋಕೆ ಹೋದ ಹತ್ತು ನಿಮಿಷದಲ್ಲಿ ನನಗೆ ಬಣ್ಣದ ಲೈಟ್ ಉರಿಯುವ ಡ್ರಮ್ಮು ತೋರಿಸಿದ. “ಇದ್ರಲ್ಲಿ ಹೆವಿ ಗ್ರ್ಯಾಂಡ್ ಆಗುತ್ತೆ ಮೇಡಂ.” ಗಣರಾಜ್ಯೋತ್ಸವ ನಡೆಯುವುದು ಬೆಳಗ್ಗೆ ಒಂಬತ್ತಕ್ಕೆ ಕಣಪ್ಪಾ ಅಂದೆ. ಬಾಡಿಗೆಗೆ ಯೂನಿಫಾರ್ಮೂ ಕೊಡುತ್ತಾರೆ, ಒಂದು ಜೊತೆಗೆ 120. ಮದುವೆ ಬ್ಯಾಂಡಿನ ಗಂಡಸರ ಅಳತೆಯ ಕೆಂಪು ಕೋಟು, ನುಸಿಗುಳಿಗೆ ವಾಸನೆ. ನಮ್ಮ ಹದಿಮೂರು ವರ್ಷದ ಹುಡುಗಿ ಹಾಕಿಕೊಂಡರೆ ತೋಳೊಳಗೆ ಕೈ ಕಾಣುವುದಿಲ್ಲ, ಕೋಲು ಒಂದೇ ಹೊರಗೆ ಬರುತ್ತೆ. ಒಂದು ಸಲ ತಂದು ವಾಪಸ್ ಕೊಟ್ಟೆ. ಆಮೇಲೆ ಊರಿನ ಟೈಲರ್ ಹತ್ತಿರ ಬಿಳಿ ಪ್ಯಾಂಟು, ನೀಲಿ ಕೋಟು ಹೊಲಿಸಿದೆವು.

ದೊಡ್ಡ ತಕರಾರು ಬಿಲ್ಲಿನದು. ಅಂದಾಜು ಪಟ್ಟಿಯನ್ನು ಸಾಬ್ರು ಯಾರದೋ ಮದುವೆ ಕಾಗದದ ಹಿಂಭಾಗದಲ್ಲಿ ಬರೆದುಕೊಟ್ಟರು. ಅದನ್ನು ಹೆಡ್‌ಮಾಸ್ಟರ್ ಮುಂದೆ ಇಟ್ಟಾಗ ಅವರು ತಿರುಗಿಸಿ, ವಧೂವರರ ಹೆಸರು ಓದಿ, ನನ್ನ ಮುಖ ನೋಡಿದರು. ಸರಿಯಾದ ಜಿಎಸ್‌ಟಿ ಬಿಲ್ ಕೈಗೆ ಬರುವಷ್ಟರಲ್ಲಿ ಎರಡು ತಿಂಗಳು, ಅಷ್ಟು ದಿನ ಆ ಎಂಟು ಸಾವಿರ ನನ್ನ ಕೈಯಿಂದಲೇ ಹೋಗಿತ್ತು. ಸರ್ಕಾರಿ ಲೆಕ್ಕದಲ್ಲಿ ಕೊಳ್ಳುವವರು ಬಿಲ್ಲು ಕೈಗೆ ಬಂದ ಮೇಲೆ ದುಡ್ಡು ಕೊಡಿ. ಶುಕ್ರವಾರ ಮಧ್ಯಾಹ್ನ ಹೋಗಬೇಡಿ, ನಮಾಜಿಗೆ ಮುಚ್ಚಿರುತ್ತೆ, ಮೂರರ ಮೇಲೆ ತೆಗೆಯುತ್ತಾರೆ. ಹೆಂಗಸರಿಗೆ ಕೂರೋಕೆ ಇರುವುದು ಒಂದೇ ಸ್ಟೂಲು, ಅದರ ಒಂದು ಕಾಲು ಗಿಡ್ಡ. ಎಲ್ಲವನ್ನೂ ರಿಪೇರಿ ಮಾಡುವವರ ಅಂಗಡಿಯಲ್ಲಿ!

ಜನವರಿ 26ಕ್ಕೆ ಜಿಲ್ಲಾ ಕ್ರೀಡಾಂಗಣದ ಪೆರೇಡಿಗೆ ನಮ್ಮ ಮಕ್ಕಳು ಹೋದರು. ಪೊಲೀಸ್, ಗೃಹರಕ್ಷಕ ದಳ, ಎನ್‌ಸಿಸಿ ಎಲ್ಲ ಮುಗಿದು ಶಾಲೆಗಳ ಸಾಲು. ಮಕ್ಕಳಿಗೆ ಗಾಬರಿಯಾದರೆ ಕೈ ಓಡುತ್ತೆ, 110ಕ್ಕೆ ಶುರು ಮಾಡಿದ್ದು ವೇದಿಕೆ ಮುಟ್ಟುವಷ್ಟರಲ್ಲಿ 130 ಆಗಿರುತ್ತೆ, ಹಿಂದಿನ ಸಾಲಿನವರು ಓಡೋಕೆ ಶುರು ಮಾಡುತ್ತಾರೆ. ಅವತ್ತೂ ಸ್ವಲ್ಪ ಓಡಿತು. ಆದರೆ ದೊಡ್ಡ ಡ್ರಮ್ಮಿನವಳು, ಆಗಸ್ಟ್‌ನಲ್ಲಿ ಗಾಳಿಗೆ ಹೊಡೆದವಳು, ಓಡಲಿಲ್ಲ. ಅವಳು ಎಡಗಾಲಿಗೆ ಒಂದೊಂದೇ ಪೆಟ್ಟು ಇಡುತ್ತಾ ಹೋದಳು, ಉಳಿದವರು ಹೋಗಿ ಹೋಗಿ ಮತ್ತೆ ಅವಳ ಹತ್ತಿರಕ್ಕೇ ಬರಬೇಕಾಯಿತು. ಕೊಳಲು ಒಂದು ಕಡೆ ತಪ್ಪಿತು, ಗ್ಯಾಲರಿಯವರಿಗೆ ಗೊತ್ತಾಗಲಿಲ್ಲ ಅಂತ ಭಾವಿಸಿದ್ದೇನೆ. ಬಹುಮಾನ ಬರಲಿಲ್ಲ. ಒಂದು ಖಾಸಗಿ ಶಾಲೆಯವರು ಕಹಳೆ, ಸ್ಯಾಕ್ಸೋಫೋನು ಎಲ್ಲ ತಂದಿದ್ದರು, ಅವರಿಗೆ ಬಂತು. ಸರಿಯಾಗಿಯೇ ಬಂತು.

ಸಾಬ್ರು ಗ್ಯಾಲರಿಯಲ್ಲಿ ಇದ್ದರಂತೆ, ನನಗೆ ಆಮೇಲೆ ಗೊತ್ತಾಯಿತು. “ಹೆಂಗಿತ್ತು ಸಾಬ್ರೇ?” ಅಂದೆ. “ಎರಡನೇ ಸಾಲು, ಬಲಗಡೆಯಿಂದ ಮೂರನೇ ಡ್ರಮ್, ತಂತಿ ಸಡಿಲ ಆಗಿದೆ, ತಗೊಂಡು ಬನ್ನಿ” ಅಂದರು. ಅಷ್ಟೇ.

ತಗೊಂಡು ಹೋಗಿ ಕೊಟ್ಟಿದ್ದೇನೆ, ಮೊನ್ನೆ ಸೋಮವಾರ. ನಾಳೆ ಬನ್ನಿ ಅಂದಿದ್ದಾರೆ. ಗುರುವಾರ ಹೋಗುತ್ತೇನೆ.